ತಮ್ಮನ ಜೊತೆಗೆ ಕೊಟ್ಟ ವರದಕ್ಷಿಣೆ

ವಿಮಾನ ನಿಲ್ದಾಣದಿಂದ ಮನೆಗೆ

ದುಬೈಗೆ ಹೋಗಿ ಬಂದವರೆಲ್ಲ ಆ ಎತ್ತರದ ಕಟ್ಟಡದ ಫೋಟೊ ತೋರಿಸುತ್ತಾರೆ. ನನ್ನ ಬಳಿ ಅದಿಲ್ಲ. ನಮ್ಮ ಕಾರು ಅದರ ಪಕ್ಕದಲ್ಲಿ ಹಾದುಹೋಗುವಾಗ ನಾನು ತಮ್ಮನ ಜೊತೆ ಜಗಳವಾಡುತ್ತಿದ್ದೆ. "ಅಕ್ಕಾ, ಅಲ್ಲಿ ನೋಡು" ಎಂದು ಅವನು ಕೈ ತೋರಿಸಿದ್ದು ನೆನಪಿದೆ. ಮಾತು ತಪ್ಪಿಸಲು ತೋರಿಸಿದ್ದೆಂದು ಗೊತ್ತಾಗಿ ನಾನು ಬೇಕೆಂದೇ ಇನ್ನೊಂದು ಕಡೆ ನೋಡಿದೆ.

ಉಡುಪಿಯ ಕಾಲೇಜೊಂದರಲ್ಲಿ ನಾನು ದೈಹಿಕ ಶಿಕ್ಷಣದ ಟೀಚರ್. ಬಾಸ್ಕೆಟ್‌ಬಾಲ್ ಆಡಿ, ಆಡಿಸಿ ಕೂದಲು ಬೆಳ್ಳಗಾಗಿದೆ. ದಿನೇಶ ನನಗಿಂತ ತುಂಬ ಚಿಕ್ಕವನು. ಅವನ ಕೈಗೆ ಮೊದಲು ಚೆಂಡು ಕೊಟ್ಟವಳು ನಾನೇ. ಈಗ ದುಬೈಯಲ್ಲಿ ಕಾರಿನ ಬಿಡಿಭಾಗಗಳ ಕಂಪನಿಯೊಂದರಲ್ಲಿ ಕೆಲಸ. ಹೆಂಡತಿ ಸುಜಾತಾ ನರ್ಸ್. ಮಗಳು ದಿಯಾ ಹನ್ನೆರಡನೇ ಕ್ಲಾಸು, ಅಪ್ಪನಿಗಿಂತ ಉದ್ದ. ದಸರೆ ರಜೆಯಲ್ಲಿ ಬಾ ಬಾ ಎಂದು ಎಷ್ಟೋ ವರ್ಷದಿಂದ ಕರೆಯುತ್ತಿದ್ದರು. ಆ ವರ್ಷ ಹೋದೆ.

ವಿಮಾನ ನಿಲ್ದಾಣದಲ್ಲೇ ಒಂದು ಅವಾಂತರವಾಯಿತು. ದಿಯಾಳಿಗೆಂದು ಚೆಂಡಿಗೆ ಗಾಳಿ ತುಂಬುವ ಹಳೆಯ ಹಿತ್ತಾಳೆ ಪಂಪು ಒಯ್ದಿದ್ದೆ. ಕಸ್ಟಮ್ಸಿನ ಅಧಿಕಾರಿ ಅದನ್ನು ಹೊರಗೆಳೆದು ತಿರುಗಿಸಿ ತಿರುಗಿಸಿ ನೋಡಿದರು. ನನ್ನ ಇಂಗ್ಲಿಷು ಅವರಿಗೆ ತಿಳಿಯಲಿಲ್ಲ, ಅವರದು ನನಗೆ. ಕೊನೆಗೆ ನಾನು ಅಲ್ಲೇ ನಿಂತು ಚೆಂಡು ಪುಟಿಸುವ ಅಭಿನಯ ಮಾಡಿ ತೋರಿಸಿದೆ. ಅವರು ಪಂಪಿನ ತುದಿಯನ್ನು ತಮ್ಮ ಕೆನ್ನೆಗೆ ಹಿಡಿದು ಎರಡು ಸಲ ಗಾಳಿ ಹೊಡೆದುಕೊಂಡು ನಕ್ಕು, "ಯಲ್ಲಾ, ಯಲ್ಲಾ" ಎಂದು ಕಳಿಸಿಕೊಟ್ಟರು. ಹೊರಗೆ ಬಂದಾಗ ನಾನು ಒಳ್ಳೆಯ ಮನಸ್ಸಿನಲ್ಲೇ ಇದ್ದೆ.

ಕಾರು ಹೊರಟ ಮೇಲೆ ದಿನೇಶ ಹೇಳಿದ: "ಅಕ್ಕಾ, ಈ ವರ್ಷ ನನ್ನನ್ನು ಅಬುಧಾಬಿಯವರಿಗೆ ಕೊಡ್ತಾ ಇದ್ದಾರೆ."

"ಕೊಡುವುದು ಅಂದ್ರೆ? ನೀನೆಂತ ಗ್ಯಾಸ್ ಸಿಲಿಂಡರಾ?"

ವಿಷಯ ಇಷ್ಟು. ನಮ್ಮ ಕರಾವಳಿಯವರು ಅಲ್ಲಿ ಒಂದು ಬಾಸ್ಕೆಟ್‌ಬಾಲ್ ಲೀಗ್ ನಡೆಸುತ್ತಾರೆ. ಹೆಂಗಸರು ಗಂಡಸರು ಕೂಡಿ ಆಡುವ ಆಟ. ಅಂಕಣದಲ್ಲಿ ಯಾವಾಗಲೂ ಪ್ರತಿ ತಂಡದ ಇಬ್ಬರು ಹೆಂಗಸರು ಇರಲೇಬೇಕೆಂಬ, ನಮ್ಮೂರಲ್ಲಿಲ್ಲದ ಒಳ್ಳೆಯ ನಿಯಮ ಅವರದು. ಎಲ್ಲ ತಂಡಗಳಿಗೂ ಒಂದೇ ಸಮ ಪಾಯಿಂಟುಗಳು. ಆ ಮಿತಿಯೊಳಗೇ ಹರಾಜಿನಲ್ಲಿ ಆಟಗಾರರನ್ನು ಕೂಗಬೇಕು. ದುಡ್ಡಲ್ಲ, ಬರೀ ಪಾಯಿಂಟು. ಆದರೆ ಒಮ್ಮೆ ಕೂಗಿದ ಬೆಲೆ ಎರಡು ಸೀಸನ್ ಆ ಆಟಗಾರನ ತಲೆಯ ಮೇಲೆ ಇರುತ್ತದೆ.

ಹಿಂದಿನ ವರ್ಷ ದಿನೇಶ ಒಳ್ಳೆ ಆಟದಲ್ಲಿದ್ದ. ಅವನ ತಂಡದ ಮ್ಯಾನೇಜರ್ ಜಗನ್ನಾಥಣ್ಣ ಹುರುಪಿನಲ್ಲಿ ಕೂಗಿದ್ದೇ ಕೂಗಿದ್ದು. ಆಮೇಲೆ ದಿನೇಶನ ಮೊಣಕಾಲು ಕೈಕೊಟ್ಟಿತು, ಆಪರೇಷನ್ ಆಯಿತು, ಬೆಲೆ ಮಾತ್ರ ಹಾಗೆಯೇ ಉಳಿಯಿತು. ಈ ವರ್ಷ ಮುಂಬೈಯಿಂದ ಬ್ಯಾಂಕ್ ಕೆಲಸಕ್ಕೆ ಬರಲಿರುವ ಒಬ್ಬ ಉದ್ದನೆಯ ಆಟಗಾರನ ಮೇಲೆ ಜಗನ್ನಾಥಣ್ಣನ ಕಣ್ಣು. ಅವನನ್ನು ತರಲು ಪಾಯಿಂಟು ಉಳಿದಿಲ್ಲ. ದಿನೇಶನನ್ನು ದಾಟಿಸಿದರೆ ಜಾಗವಾಗುತ್ತದೆ. ಅಬುಧಾಬಿಯದು ಹೊಸ ತಂಡ, ಅವರಲ್ಲಿ ಪಾಯಿಂಟು ಬೇಕಾದಷ್ಟಿದೆ. ಆದರೆ ಕುಂಟುವ ಮೊಣಕಾಲನ್ನು ದುಬಾರಿ ಬೆಲೆಗೆ ಯಾರು ತೆಗೆದುಕೊಳ್ಳುತ್ತಾರೆ? ಹಾಗಾಗಿ ದಿನೇಶನ ಜೊತೆಗೆ ಮುಂದಿನ ವರ್ಷದ ಫಸ್ಟ್ ಪಿಕ್ಕನ್ನೂ ಕೊಡುವುದು. ಅಂದರೆ, ಪ್ರತಿವರ್ಷ ಹದಿನೆಂಟು ತುಂಬಿ ಹೆಸರು ಕೊಟ್ಟ ನಮ್ಮವರ ಮಕ್ಕಳನ್ನು ತಂಡಗಳು ಸರದಿಯಲ್ಲಿ ಆರಿಸಿಕೊಳ್ಳುತ್ತವೆ, ಅದಕ್ಕೆ ಡ್ರಾಫ್ಟ್ ಎನ್ನುತ್ತಾರೆ. ಸರದಿಗೆ ಮೊದಲೇ ಚೀಟಿ ಎತ್ತುತ್ತಾರೆ. ಮುಂದಿನ ವರ್ಷದ ಮೊದಲ ಆಯ್ಕೆ ಜಗನ್ನಾಥಣ್ಣನಿಗೆ ಬಂದಿತ್ತು.

"ಇದು ನನಗೆ ಗೊತ್ತಿಲ್ಲದ ವ್ಯವಹಾರ ಅಲ್ಲ" ಎಂದೆ. "ಹುಡುಗಿಯಲ್ಲಿ ಏನಾದರೂ ಐಬು ಉಂಟೆಂದಾದ್ರೆ ನಾಲ್ಕು ಬಳೆ ಜಾಸ್ತಿ ಹಾಕಿ ಕಳಿಸ್ತಾರಲ್ಲ, ಅದೇ. ನಿನಗೆ ವರದಕ್ಷಿಣೆ ಕೊಟ್ಟು ಸಾಗಹಾಕ್ತಾ ಇದ್ದಾರೆ."

ಹಿಂದಿನ ಸೀಟಿನಲ್ಲಿ ದಿಯಾ ಕಿವಿಯ ಇಯರ್‌ಫೋನ್ ಕಿತ್ತು, "ವಾವ್, ಅತ್ತೆ" ಎಂದಳು. ದಿನೇಶ ನಗಲಿಲ್ಲ. ಆಗಲೇ ಅವನು ಆ ಕಟ್ಟಡ ತೋರಿಸಿದ್ದು.

ಓದುಗರಿಗೆ ಒಂದು ಮಾತು ಹೇಳಿಬಿಡುತ್ತೇನೆ. ನನಗೆ ಮದುವೆಯಾಗಿಲ್ಲ. ಇಪ್ಪತ್ತೈದರ ವಯಸ್ಸಿನಲ್ಲಿ ಗಂಡಿನ ಕಡೆಯವರು ನಮ್ಮ ಜಗಲಿಯಲ್ಲಿ ಕೂತು ಬಾಯಿ ತೆರೆದು ಕೇಳಿದರು. ನಾನು ಒಳಗಿನಿಂದ ಬಂದು ಅವರ ಚಪ್ಪಲಿ ಎಲ್ಲಿದೆಯೆಂದು ತೋರಿಸಿದೆ. ಅದಕ್ಕೆ ಇವತ್ತಿಗೂ ನನಗೆ ಬೇಸರವಿಲ್ಲ.

ಅಲ್ ಕೂಜ್

ಆಗೆಲ್ಲ ಅಲ್ಲಿ ಶುಕ್ರವಾರ ವಾರದ ರಜೆ. ಬೆಳಗ್ಗೆ ಅಭ್ಯಾಸ. ಅಲ್ ಕೂಜಿನ ಗೋದಾಮುಗಳ ನಡುವೆ ಒಂದು ಗೋದಾಮನ್ನೇ ಆಟದ ಹಾಲ್ ಮಾಡಿದ್ದಾರೆ. ಅಕ್ಕಪಕ್ಕದಲ್ಲಿ ಟೈಲ್ಸು, ಗಾಜು, ಪೈಪು. ಹೊರಗೆ ಕಾದ ಹಂಚಿನ ಮೇಲೆ ನಿಂತ ಹಾಗೆ, ಒಳಗೆ ಹೋದರೆ ಹಲ್ಲು ಕಟಕಟ ಎನ್ನುವಷ್ಟು ಎ.ಸಿ. ಮರುಭೂಮಿಗೆ ಹೋಗುತ್ತಿದ್ದೇನೆಂದು ನಾನು ಬರೀ ಹತ್ತಿ ಬಟ್ಟೆ ಕಟ್ಟಿಕೊಂಡು ಹೋಗಿದ್ದೆ. ಇಡೀ ಪ್ರವಾಸದಲ್ಲಿ ಸುಜಾತಾಳ ಶಾಲು ಹೊದ್ದು ಓಡಾಡಿದೆ.

ಆ ಅಂಕಣ ನೋಡಿ ಹೊಟ್ಟೆ ಉರಿಯಿತು. ಮರದ ನೆಲ, ಕನ್ನಡಿಯ ಹಾಗೆ. ನಮ್ಮ ಕಾಲೇಜಿನ ಅಂಕಣದಲ್ಲಿ ಸಿಮೆಂಟು ಎದ್ದಿದೆ. ವಾರ್ಷಿಕೋತ್ಸವ ಬಂದರೆ ಅಲ್ಲೇ ಪೆಂಡಾಲಿನ ಗೂಟ ಹೊಡೆಯುತ್ತಾರೆ. ಇಲ್ಲಿ ಹೊರಗಿನ ಶೂ ಹಾಕಿಕೊಂಡು ಒಳಗೆ ಕಾಲಿಟ್ಟರೆ ಹತ್ತು ಜನ ಒಟ್ಟಿಗೆ ಕೂಗುತ್ತಾರೆ. ಕೂಗಿಸಿಕೊಂಡವಳು ನಾನೇ.

ಜಗನ್ನಾಥಣ್ಣ ಕೆಟ್ಟ ಮನುಷ್ಯರಲ್ಲ, ಅದೇ ಕಷ್ಟ. ಅಷ್ಟೂ ಜನರಿಗೆ ಬನ್ಸು, ಚಾ ತಂದಿದ್ದರು. "ಟೀಚರ್, ನಮ್ಮೂರಿನವರು ನೀವು, ಮೊದಲು ತಿನ್ನಿ" ಎಂದು ನನ್ನ ಕೈಗೇ ಇಟ್ಟರು. ತಿಂದೆ. ತಿಂದ ಮೇಲೆ ಕೇಳಿದೆ.

"ಅಲ್ಲ ಜಗನ್ನಾಥಣ್ಣ, ಆಡುವಷ್ಟು ದಿನ ಆಡಿಸಿದ್ರಿ. ಈಗ ಕಾಲು ನೋವು ಅಂದ ಕೂಡಲೇ ಬೇರೆಯವರ ಮನೆಗೆ ಕಳಿಸುದಾ?"

"ಅಯ್ಯೋ, ಎಂತ ಮಾತು ಮಾರಾಯ್ರೆ! ದಿನೇಶ ನನ್ನ ತಮ್ಮನ ಹಾಗೆ. ಇದು ಪಾಯಿಂಟಿನ ವಿಷಯ ಅಷ್ಟೆ. ಕ್ಯಾಪ್ ಉಂಟಲ್ಲ, ಮಿತಿ, ಅದರ ಒಳಗೆ ನಾವು ಇರ್ಬೇಕು. ಅಮೆರಿಕದಲ್ಲಿ ದೊಡ್ಡ ದೊಡ್ಡ ತಂಡದವರೇ ಹೀಗೆ ಮಾಡುದು. ಟಿವಿಯಲ್ಲಿ ನೋಡಿಲ್ವಾ ನೀವು?"

"ಅಲ್ಲಿ ಹೀಗೆ ದಾಟಿಸಿದ ಆಟಗಾರರಿಗೆ ಸಂಬಳವಾದ್ರೂ ಉಂಟು. ಇವನಿಗೆ ನೀವು ಕೊಡುದು ಬನ್ಸ್."

ಅವರು ಗಟ್ಟಿಯಾಗಿ ನಕ್ಕು ಇನ್ನೊಂದು ಬನ್ಸು ಕೊಟ್ಟರು. ಇಂಥವರ ಜೊತೆ ಜಗಳ ಆಡುವುದು ಬಹಳ ಕಷ್ಟದ ಕೆಲಸ.

ಅಂಕಣದಲ್ಲಿ ದಿಯಾ ಆಡುತ್ತಿದ್ದಳು. ಹದಿನೆಂಟಾಗಿಲ್ಲದವರು ಅಭ್ಯಾಸಕ್ಕೆ ಬರಬಹುದು, ಪಂದ್ಯಕ್ಕಿಲ್ಲ. ನಾನು ಎಷ್ಟೋ ಹುಡುಗಿಯರಿಗೆ ಆಟ ಕಲಿಸಿದ್ದೇನೆ. ಅತ್ತೆಯೆಂದು ಹೇಳುತ್ತಿಲ್ಲ, ಟೀಚರಾಗಿ ಹೇಳುತ್ತೇನೆ: ಇಂಥ ಕೈ ನಾನು ಕಂಡಿರಲಿಲ್ಲ. ಚೆಂಡು ಬಿಡುವ ಮೊದಲು ಅರೆಗಳಿಗೆ ನಿಲ್ಲುತ್ತಾಳೆ, ಎದುರಿನವರು ಹಾರಿ ಇಳಿಯುವಷ್ಟರಲ್ಲಿ ಚೆಂಡು ಬುಟ್ಟಿಯಲ್ಲಿ. ನನಗೆ ಕಣ್ಣು ತುಂಬಿ ಬಂತು.

ವಾಪಸ್ ಬರುವಾಗ ದಿನೇಶ ಕಾರು ಬದಿಗೆ ನಿಲ್ಲಿಸಿ ನನ್ನ ಕಡೆ ತಿರುಗಿದ.

"ಅಕ್ಕಾ, ನೀನು ದಯವಿಟ್ಟು ಸುಮ್ಮನಿರ್ಬೇಕು. ಅಬುಧಾಬಿಯವರು ಬೇಡ ಅಂದ್ರೆ ಜಗನ್ನಾಥಣ್ಣ ನನ್ನನ್ನು ರಿಲೀಸ್ ಮಾಡ್ತಾರೆ, ತಂಡದಿಂದಲೇ ಬಿಡ್ತಾರೆ. ಆಗ ಅವರಿಗೆ ನನ್ನ ಪಾಯಿಂಟಿನಲ್ಲಿ ಅರ್ಧವಾದ್ರೂ ವಾಪಸ್ ಸಿಗ್ತದೆ. ರಿಲೀಸ್ ಆದವ ಆ ಸೀಸನ್ ಯಾವ ತಂಡದಲ್ಲೂ ಆಡುವ ಹಾಗಿಲ್ಲ. ಈ ಕಾಲು ಈ ವರ್ಷ ತಡೆದೀತು ಅಂತ ಡಾಕ್ಟರ್ ಹೇಳಿದ್ದಾರೆ. ಮುಂದಿನ ವರ್ಷದ ಮಾತು ಅವರು ಎತ್ತಲೇ ಇಲ್ಲ. ನನಗೆ ಆಡ್ಬೇಕು, ಅಷ್ಟೆ. ಯಾರ ಜೊತೆ ಬೇಕಾದ್ರೂ, ಹೇಗೆ ಬೇಕಾದ್ರೂ."

ಅವನು ಹಾಗೆ ಬೇಡಿಕೊಂಡದ್ದು ನನಗೆ ಸಹಿಸಲಾಗಲಿಲ್ಲ. ಆದರೆ ಬಾಯಿ ಮುಚ್ಚಿಕೊಂಡಿರುತ್ತೇನೆಂದು ಮಾತು ಕೊಟ್ಟೆ.

ಅಬುಧಾಬಿಯ ದಾರಿ

ಮರುದಿನ ಶನಿವಾರ, ಅದೂ ರಜೆಯೇ. ಸುಜಾತಾಳಿಗೆ ಡ್ಯೂಟಿ ಇತ್ತು. ನಾವು ಮೂವರು ಹೊರಟೆವು. ಜಗನ್ನಾಥಣ್ಣ ತಮ್ಮ ಕಾರಿನಲ್ಲಿ ಮುಂದೆ. ಅಬುಧಾಬಿ ತಂಡದ ಮ್ಯಾನೇಜರ್ ಹಮೀದ್ ಭಾಯಿ ನಮ್ಮ ಜಿಲ್ಲೆಯ ಬ್ಯಾರಿ, ಎಲೆಕ್ಟ್ರಿಕಲ್ ಸಾಮಾನಿನ ವ್ಯಾಪಾರ. ಅವರ ಮನೆಯಲ್ಲೇ ಮಾತುಕತೆ, ಊಟ.

ದಾರಿ ನೂಲು ಹಿಡಿದ ಹಾಗೆ ನೇರ. ಶಿರಾಡಿ ಘಾಟಿಯಲ್ಲಿ ಬಸ್ಸಿನ ಸೀಟು ಹಿಡಿದು ಕೂತು ಅಭ್ಯಾಸವಾದ ನನಗೆ ಇಷ್ಟು ನೇರ ದಾರಿಯಲ್ಲಿ ತಲೆ ತಿರುಗಿತು. ನಡುವೆ ಒಂದು ಕೆಫೆಟೇರಿಯಾದ ಎದುರು ಕಾರು ನಿಲ್ಲಿಸಿ ದಿನೇಶ ಹಾರ್ನ್ ಒತ್ತಿದ. ನಾನು ಗದರಿದೆ. ಉಡುಪಿಯಲ್ಲಿ ಹೋಟೆಲಿನ ಎದುರು ಹೀಗೆ ಹಾರ್ನ್ ಹೊಡೆದು ಚಾ ಕೇಳಿದರೆ ಚಾ ಬರುವುದಿಲ್ಲ, ಬೈಗುಳ ಬರುತ್ತದೆ. ಇಲ್ಲಿ ಒಬ್ಬ ಮಲಯಾಳಿ ನಗುತ್ತ ಓಡಿಬಂದು ಕಿಟಕಿಯಲ್ಲೇ ಕೇಳಿಕೊಂಡು ಹೋಗಿ ಗಟ್ಟಿ ಕಡಕ್ ಚಾ ತಂದುಕೊಟ್ಟ. ಪಕ್ಕದ ದೊಡ್ಡ ಗಾಡಿಯಲ್ಲಿ ಬಿಳಿ ನಿಲುವಂಗಿಯ ಅರಬನೊಬ್ಬ ಅದೇ ಚಾ ಕುಡಿಯುತ್ತಿದ್ದ, ಬಾಯಿ ಸುಟ್ಟುಕೊಂಡು. ನಾನೂ ಸುಟ್ಟುಕೊಂಡೆ. ಇಬ್ಬರೂ ಗಾಜಿನಾಚೆ ಪರಸ್ಪರ ನೋಡಿ ತಲೆಯಾಡಿಸಿದೆವು.

ಟೂರಿಸ್ಟ್ ಕ್ಲಬ್ ಏರಿಯಾ

ಹಮೀದ್ ಭಾಯಿಯ ಮನೆಯಿರುವ ಈ ಜಾಗದ ಹೆಸರು ಕೇಳಿ ಸಮುದ್ರ, ಕೊಡೆ, ಆರಾಮ ಕುರ್ಚಿ ಎಂದೆಲ್ಲ ಅಂದುಕೊಂಡಿದ್ದೆ. ನೋಡಿದರೆ ಕಟ್ಟಡಕ್ಕೆ ಕಟ್ಟಡ ಅಂಟಿಕೊಂಡ ಪೇಟೆ. ಕಾರು ನಿಲ್ಲಿಸಲು ಜಾಗವಿಲ್ಲ. ಒಂದೇ ಬೀದಿಯನ್ನು ಮತ್ತೆ ಮತ್ತೆ ಸುತ್ತಿ ಸಾಕಾಗಿ ದಿನೇಶ, "ನೀವಿಬ್ಬರು ಮೇಲೆ ಹೋಗಿ, ನಾನು ಪಾರ್ಕಿಂಗ್ ಹುಡುಕಿ ಬರ್ತೇನೆ" ಎಂದು ನಮ್ಮನ್ನು ಇಳಿಸಿದ.

ಲಿಫ್ಟಿನಲ್ಲಿ ನೆಲಮಹಡಿ ಆದ ಮೇಲೆ 'ಎಂ' ಎಂಬ ಇನ್ನೊಂದು ಮಹಡಿ, ಅದಾದ ಮೇಲೆಯೇ ಒಂದನೇ ಮಹಡಿ. ನಾನು ನಮ್ಮೂರ ಪದ್ಧತಿಯಲ್ಲಿ ಎಣಿಸಿ ಯಾವುದೋ ಗುಂಡಿ ಒತ್ತಿದೆ. ಆ ಮಹಡಿಯಲ್ಲಿಳಿದು ಬೆಲ್ ಒತ್ತಿದೆವು. ಬಾಗಿಲು ತೆರೆದ ಹೆಂಗಸು ಬಾಯ್ತುಂಬ ನಕ್ಕು ಒಳಗೆ ಕರೆದು, ನೀರು ಕೊಟ್ಟು, ಬನ್ನಿ ಎಂದು ಒಂದು ಕೋಣೆ ತೋರಿಸಿದಳು. ಮೂರು ಮಂಚ, ಒಂದು ಕಪಾಟು. ಇಲ್ಲಿ ದಿನೇಶನನ್ನು ಇಟ್ಟುಕೊಳ್ಳುತ್ತಾರೋ ಏನೋ ಎಂದು ನನಗೆ ಗಾಬರಿಯಾಯಿತು. ದಿಯಾ ಇಂಗ್ಲಿಷಿನಲ್ಲಿ ವಿಚಾರಿಸಿದಾಗ ತಿಳಿಯಿತು: ಆಕೆ ಹೆಂಗಸರಿಗೆ ಮಂಚ ಬಾಡಿಗೆಗೆ ಕೊಡುತ್ತಾಳೆ, ನಾವು ಜಾಗ ಕೇಳಿ ಬಂದವರೆಂದುಕೊಂಡಿದ್ದಾಳೆ. ಕ್ಷಮೆ ಕೇಳಿದರೆ, "ಪರವಾಗಿಲ್ಲ, ಕಿಟಕಿ ಪಕ್ಕದ ಮಂಚ ಖಾಲಿ ಇದೆ, ಯೋಚಿಸಿ" ಎಂದು ಬಾಗಿಲವರೆಗೂ ಬಂದು ಕಳಿಸಿದಳು.

ಹಮೀದ್ ಭಾಯಿಯ ಮನೆಗೆ ಹೋಗುವಷ್ಟರಲ್ಲಿ ಎಲ್ಲರೂ ಸೇರಿದ್ದರು. ದೊಡ್ಡ ಸೋಫಾದಲ್ಲಿ ಅವರ ಕಡೆಯವರು, ಎದುರು ನಾವು, ನಡುವೆ ತಟ್ಟೆಗಳಲ್ಲಿ ಸಮೋಸ, ಖರ್ಜೂರ. ನನ್ನ ಜಗಲಿಯೇ ಎದ್ದು ಇಲ್ಲಿಗೆ ಬಂದು ಕೂತ ಹಾಗಾಯಿತು. ಶಾಲು ಬಿಗಿಯಾಗಿ ಹೊದ್ದು ಕೂತೆ.

"ಕಾಲು ಈಗ ಹೇಗುಂಟು ದಿನೇಶಣ್ಣ?" ಹಮೀದ್ ಭಾಯಿ ಕೇಳಿದರು.

"ಆರಾಮ."

"ಮೆಟ್ಟಿಲು ಹತ್ತುವಾಗ ನೋವು ಉಂಟಾ? ಒಮ್ಮೆ ಮಡಚಿ ತೋರಿಸ್ತೀರಾ? ತಪ್ಪು ತಿಳ್ಕೊಳ್ಬೇಡಿ."

ನನ್ನ ತಮ್ಮ ಎದ್ದು ನಿಂತು ಆ ತುಂಬಿದ ಮನೆಯ ನಡುವೆ ಮೊಣಕಾಲು ಮಡಚಿದ. ಕೂತ. ಎದ್ದ. ಆಚೆ ಗೋಡೆಯ ತನಕ ನಡೆದು ಬಂದ. ಇನ್ನು ಹಾಡು ಹೇಳಿಸುವುದೊಂದೇ ಬಾಕಿ. ಕೊಟ್ಟ ಮಾತನ್ನು ನೆನೆದು ನಾನು ಒಂದು ಖರ್ಜೂರವನ್ನು ಬೀಜ ಸಮೇತ ಕಚ್ಚಿದೆ.

"ಎದ್ದೇಳುವಾಗ ಸ್ವಲ್ಪ ತಡೀತಾ ಉಂಟು" ಎಂದು ಅವರ ಕಡೆಯ ಒಬ್ಬರು ಹೇಳಿದರು.

ಜಗನ್ನಾಥಣ್ಣ ಮುಂದಕ್ಕೆ ಬಾಗಿದರು. "ಅದಕ್ಕೇ ಅಲ್ವಾ ಹಮೀದ್ ಭಾಯಿ, ಫಸ್ಟ್ ಪಿಕ್ ಸಹ ಕೊಡ್ತಾ ಇರುದು? ಕಾಲು ನೋಡ್ಬೇಡಿ, ಪಿಕ್ ನೋಡಿ."

"ನಾನು ಮುಚ್ಚಿಟ್ಟು ಮಾತಾಡುವವನಲ್ಲ" ಎಂದರು ಹಮೀದ್ ಭಾಯಿ. "ನಮಗೆ ದಿನೇಶಣ್ಣ ಬೆಂಚಿಗೆ. ಆಡಿಸ್ತೇವೆ ಅಂತ ನಾನು ಸುಳ್ಳು ಹೇಳುದಿಲ್ಲ. ನಮಗೆ ಬೇಕಾದ್ದು ಪಿಕ್. ಪಿಕ್ ಎಂತಕ್ಕೆ ಅಂದ್ರೆ" ಎಂದು ದಿಯಾಳ ಕಡೆ ಪ್ರೀತಿಯಿಂದಲೇ ಕೈ ತೋರಿಸಿದರು, "ಈ ಮಗಳಿಗೆ. ಮುಂದಿನ ವರ್ಷ ಇವಳಿಗಿಂತ ಒಳ್ಳೆ ಆಟಗಾರ್ತಿ ಯಾರುಂಟು?"

ನನಗೆ ಆಗ ಅರ್ಥವಾಯಿತು. ನಾನು ಎಂಥ ಬುದ್ಧಿವಂತೆಯೆಂದು ಮೂರು ದಿನದಿಂದ ವರದಕ್ಷಿಣೆ ವರದಕ್ಷಿಣೆ ಎನ್ನುತ್ತಿದ್ದೆ. ಆ ವರದಕ್ಷಿಣೆ ನನ್ನ ಪಕ್ಕದಲ್ಲೇ ಸಮೋಸ ತಿನ್ನುತ್ತ ಕೂತಿತ್ತು. ಅಪ್ಪನನ್ನು ಸಾಗಹಾಕಲು ಮಗಳನ್ನೇ ಜೊತೆಗಿಡುತ್ತಿದ್ದರು. ಜಗನ್ನಾಥಣ್ಣನ ಮುಖ ನೋಡಿದೆ. ಅವರು ಚಾದ ಲೋಟ ನೋಡುತ್ತಿದ್ದರು. ಈ ವರ್ಷ ಗೆಲ್ಲುವ ಕಪ್ಪಿನ ಮುಂದೆ ಅವರಿಗೆ ಬೇರೇನೂ ಕಂಡಿರಲಿಲ್ಲ.

ಮಾತು ಮುರಿಯಲು ನಾನು ಬಾಯಿ ತೆರೆದೆ. ನನಗಿಂತ ಮೊದಲು ದಿಯಾ ಮಾತಾಡಿದಳು.

"ಎಕ್ಸ್‌ಕ್ಯೂಸ್ ಮಿ ಅಂಕಲ್. ಐ ವೋಂಟ್ ರಿಜಿಸ್ಟರ್."

"ಎಂತ ಮಗಾ?"

ಅವಳು ಕಷ್ಟಪಟ್ಟು ಕನ್ನಡಕ್ಕೆ ಬಂದಳು. "ನಾನು ಡ್ರಾಫ್ಟಿಗೆ ಹೆಸರು ಕೊಡುದಿಲ್ಲ. ಮುಂದಿನ ವರ್ಷ ಇಲ್ಲ, ಅದರ ಮುಂದಿನ ವರ್ಷಾನೂ ಇಲ್ಲ. ಪಪ್ಪನನ್ನು ಬೆಂಚಲ್ಲಿ ಕೂರಿಸ್ಲಿಕ್ಕೆ ನಾನು ಗಿಫ್ಟ್ ಅಲ್ಲ. ಖಲಾಸ್."

ಯಾರೂ ಸಮೋಸ ಮುಟ್ಟಲಿಲ್ಲ. ಹಮೀದ್ ಭಾಯಿ ಗಡ್ಡ ನೀವಿಕೊಂಡು, "ಹಾಗಾದ್ರೆ ನಮಗೆ ಆಗುದಿಲ್ಲ ಜಗನ್ನಾಥಣ್ಣ. ಬೇಜಾರು ಮಾಡ್ಬೇಡಿ" ಎಂದರು.

ಜಗನ್ನಾಥಣ್ಣ ದಿನೇಶನ ಭುಜ ಹಿಡಿದರು. "ದಿನೇಶ, ಚಿಕ್ಕ ಹುಡುಗಿ, ಅವಳಿಗೆ ಸ್ವಲ್ಪ ಹೇಳು ಮಾರಾಯ. ನಿನಗೆ ಗೊತ್ತುಂಟಲ್ಲ, ಇಲ್ಲದಿದ್ರೆ ನಾನು ರಿಲೀಸ್ ಮಾಡ್ಬೇಕಾಗ್ತದೆ. ನಿನ್ನ ಸೀಸನ್ ಹೋಗ್ತದೆ."

ನಾನು ತಮ್ಮನನ್ನು ನೋಡಿದೆ. ಹೇಗೆ ಬೇಕಾದರೂ ಆಡಬೇಕು ಎಂದವನು ಅವನೇ. ಅವನು ಮಗಳಿಗೆ ಒಂದು ಮಾತು ಹೇಳಿದ್ದರೆ ಅವಳು ಒಪ್ಪುತ್ತಿದ್ದಳೇನೋ; ಅಪ್ಪನೆಂದರೆ ಅವಳಿಗೆ ಪ್ರಾಣ. ಅವನು ಭುಜದ ಮೇಲಿನ ಕೈಯನ್ನು ಮೆಲ್ಲಗೆ ಕೆಳಗಿಳಿಸಿದ.

"ಅವಳು ಹೇಳಿದ್ದು ಕೇಳಿತಲ್ಲ ಜಗನ್ನಾಥಣ್ಣ. ರಿಲೀಸ್ ಮಾಡಿ."

ಆಮೇಲೆ ಹಮೀದ್ ಭಾಯಿಯ ಹೆಂಡತಿ ಊಟ ಮಾಡದೆ ಒಬ್ಬರನ್ನೂ ಬಿಡಲಿಲ್ಲ. ವ್ಯವಹಾರ ಮುರಿದ ಮನೆಯಲ್ಲಿ ಅಷ್ಟು ರುಚಿಯಾದ ಬಿರಿಯಾನಿ ಉಣ್ಣಬಹುದೆಂದು ನನಗೆ ಗೊತ್ತಿರಲಿಲ್ಲ. ನಮ್ಮ ಜಗಲಿಯಿಂದ ಎದ್ದು ಹೋದವರಿಗೆ ನಾವು ನೀರೂ ಕೊಟ್ಟಿರಲಿಲ್ಲ.

ಕಾರಿನಲ್ಲಿ ದಿಯಾ, "ಸಾರಿ ಪಪ್ಪ" ಎಂದಳು. "ಸಾರಿ ಎಂತಕ್ಕೆ?" ಎಂದು ದಿನೇಶ ಕೇಳಿದ. ದುಬೈ ಬರುವ ತನಕ ಅವನ ಬಲಗೈ ಆಗಾಗ ಮೊಣಕಾಲಿನ ಮೇಲೆ ಹೋಗಿ ಬರುತ್ತಿತ್ತು. ನನಗೆ ಹೆಮ್ಮೆಯೂ ಆಯಿತು, ಅಳುವೂ ಬಂತು.

ರಾಸ್ ಅಲ್ ಖೋರ್

ಮುಂದಿನ ಶುಕ್ರವಾರ ಅಲ್ ಕೂಜಿನಲ್ಲಿ ಅಭ್ಯಾಸವಿತ್ತು. ನಮ್ಮ ಮನೆಯಿಂದ ಯಾರೂ ಹೋಗಲಿಲ್ಲ. ದಿನೇಶ ಟಿವಿ ಹಾಕುವುದು, ಆರಿಸುವುದು ಮಾಡುತ್ತಿದ್ದ. ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ದಿಯಾ ಚೆಂಡಿಗೆ ಗಾಳಿ ಹೊಡೆದು, "ಗೆಟ್ ಅಪ್, ಎಲ್ಲರೂ" ಎಂದಳು.

ಅವಳು ದಾರಿ ಹೇಳಿದಂತೆ ಹೋದರೆ ಸಿಕ್ಕಿದ್ದು ರಾಸ್ ಅಲ್ ಖೋರಿನ ಗ್ಯಾರೇಜುಗಳ ಸಾಲು. ಬಾಗಿಲು ಹಾಕಿದ ವರ್ಕ್‌ಶಾಪುಗಳ ಹಿಂದೆ ಒಂದು ಖಾಲಿ ಜಾಗ. ನೆಲದ ಮೇಲೆ ಆಯಿಲಿನ ಕಲೆ, ಕಂಬಕ್ಕೆ ಬೆಸುಗೆ ಹಾಕಿದ ಕಬ್ಬಿಣದ ಬಳೆ, ಬಲೆಯಿಲ್ಲ. ಅದರ ತುಂಬ ಫಿಲಿಪೀನ್ಸಿನವರು. ನಮ್ಮವರಿಗೆ ಕ್ರಿಕೆಟ್ ಇದ್ದ ಹಾಗೆ ಅವರಿಗೆ ಬಾಸ್ಕೆಟ್‌ಬಾಲ್. ಚಪ್ಪಲಿಯಲ್ಲಿ ಆಡುವವರಿದ್ದರು, ಬರಿಗಾಲಿನವರಿದ್ದರು. ಅಂಕಣ ನೋಡಿ ನನಗೆ ನಮ್ಮ ಕಾಲೇಜಿಗೇ ಬಂದ ಹಾಗಾಯಿತು.

ಅಲ್ಲಿ ಹರಾಜಿಲ್ಲ, ಪಾಯಿಂಟಿಲ್ಲ, ಮ್ಯಾನೇಜರಿಲ್ಲ. ಆಡಬೇಕೆನ್ನುವವರು ಗೆರೆಯ ಮೇಲೆ ನಿಂತು ಚೆಂಡು ಎಸೆಯಬೇಕು; ಮೊದಲು ಹಾಕಿದ ಐವರು ಮುಂದಿನ ತಂಡ. ಗೆದ್ದ ತಂಡ ಅಂಕಣದಲ್ಲೇ ಉಳಿಯುತ್ತದೆ, ಸೋತವರು ಹೊರಗೆ. ಅವರಲ್ಲಿ ದಪ್ಪನೆಯವನೊಬ್ಬ ದಿನೇಶನನ್ನು 'ಕುಯಾ' ಎಂದು ಕರೆದ. ಅಣ್ಣ ಎಂದರ್ಥವಂತೆ. ನನ್ನನ್ನು 'ಆತೆ' ಎಂದ, ಅಂದರೆ ಅಕ್ಕ. ಮೊಣಕಾಲಿನ ಪಟ್ಟಿ ನೋಡಿದ, ಏನೂ ಕೇಳಲಿಲ್ಲ, ಚೆಂಡು ಕೊಟ್ಟ.

ದಿಯಾ ಹಾಕಿದಳು. ದಿನೇಶನದು ಮೊದಲ ಸಲ ತಪ್ಪಿತು. "ಕೈ ಮೇಲೆ, ಕೈ ಮೇಲೆ!" ಎಂದು ನಾನು ಉಡುಪಿಯ ಗಂಟಲಿನಲ್ಲಿ ಕಿರುಚಿದೆ. ಎರಡನೆಯದು ಒಳಗೆ ಬಿತ್ತು. ಅಪ್ಪ ಮಗಳು ಒಂದೇ ತಂಡದಲ್ಲಿ ಅಂಕಣಕ್ಕೆ ಇಳಿದರು. ನಾನು ಟಯರಿನ ರಾಶಿಯ ಮೇಲೆ ಕೂತು ಅವನ ಫೋನು, ಕೀಲಿಕೈ ಮಡಿಲಲ್ಲಿಟ್ಟುಕೊಂಡೆ.

ಒಂದು ಆಟ ಗೆದ್ದರು. ಎರಡನೆಯದು ನಡೆಯುತ್ತಿರುವಾಗ ಫೋನು ಬಡಿದುಕೊಂಡಿತು. ಜಗನ್ನಾಥಣ್ಣ.

"ಟೀಚರಾ? ದಿನೇಶನಿಗೆ ಕೊಡಿ, ಅರ್ಜೆಂಟ್! ಮುಂಬೈಯವನ ವೀಸಾ ಆಗ್ಲಿಲ್ಲ ಮಾರಾಯ್ರೆ, ಅವ ಬರುದೇ ಇಲ್ಲ. ನಾನಿನ್ನೂ ರಿಲೀಸ್ ಕೊಟ್ಟಿಲ್ಲ. ದಿನೇಶ ನಮ್ಮಲ್ಲೇ ಇರ್ಲಿ. ಟೀಮಿನ ಹೆಸರು ಕೊಡ್ಲಿಕ್ಕೆ ಇವತ್ತೇ ಕಡೇ ದಿನ."

ನಾನು ಫೋನನ್ನು ಎತ್ತಿ ಹಿಡಿದು, "ದಿನೇಶಾ! ಜಗನ್ನಾಥಣ್ಣ! ನೀನು ಬೇಕಂತೆ!" ಎಂದು ಕೂಗಿದೆ. ಅವನು ತಿರುಗಿ ನೋಡಿದ. ಬೆವರಿನಲ್ಲಿ ಅಂಗಿ ಬೆನ್ನಿಗೆ ಅಂಟಿತ್ತು, ಸ್ವಲ್ಪ ಕುಂಟುತ್ತಿದ್ದ. ಹೇಗೆ ಬೇಕಾದರೂ ಆಡಬೇಕೆಂದು ನನ್ನಲ್ಲಿ ಬೇಡಿಕೊಂಡವನು ನೊಣ ಓಡಿಸುವಂತೆ ಒಮ್ಮೆ ಕೈ ಬೀಸಿ ದಿಯಾಳ ಪಾಸು ಹಿಡಿಯಲು ಓಡಿದ.

"ಅವನು ಆಟದಲ್ಲಿದ್ದಾನೆ ಜಗನ್ನಾಥಣ್ಣ. ಈಗ ಬರುದಿಲ್ಲ."

"ಆಟದಲ್ಲಾ? ಯಾವ ತಂಡ? ಅಲ್ಲ, ಎಷ್ಟು ಹೊತ್ತಿಗೆ ಮುಗೀತದೆ?"

"ಇಲ್ಲಿ ಸೋತವರು ಮಾತ್ರ ಹೊರಗೆ ಬರುದಂತೆ" ಎಂದೆ. "ಅವನು ಸೋಲುವ ಅಂದಾಜು ಸದ್ಯಕ್ಕೆ ಕಾಣುದಿಲ್ಲ. ನೀವು ಕಾಯ್ಬೇಡಿ."

ಫೋನು ಇಟ್ಟು ಅಂಕಣ ನೋಡಿದೆ. ನಮ್ಮವರು ಹೀನಾಯವಾಗಿ ಸೋಲುತ್ತಿದ್ದರು. ಅದನ್ನು ಜಗನ್ನಾಥಣ್ಣನಿಗೆ ಹೇಳುವ ಅಗತ್ಯ ನನಗೆ ಕಾಣಲಿಲ್ಲ. ಎದ್ದು, ಶಾಲನ್ನು ಸೊಂಟಕ್ಕೆ ಕಟ್ಟಿ, ಮುಂದಿನ ತಂಡಕ್ಕೆ ಚೆಂಡು ಎಸೆಯುವವರ ಸಾಲಿನಲ್ಲಿ ಹೋಗಿ ನಿಂತೆ.